ಕಬ್ಬು ಕಡಿಯುವವರ ಕಿಡ್ನಿಗೆ ನೀರಿನ ಕ್ಯಾನ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ಕಬ್ಬು ಅರೆಯುವ ಹಂಗಾಮಿನಲ್ಲಿ ದರ, ತೂಕ, ಬಾಕಿ ಬಿಲ್ ಎಲ್ಲವೂ ಸುದ್ದಿಯಾಗುತ್ತವೆ. ಕಡಿಯುವವರ ಕಿಡ್ನಿಯ ಮಾತು ಮಾತ್ರ ಬರುವುದಿಲ್ಲ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನಲ್ಲಿ ಸಕ್ಕರೆ ಕಾಯಿಲೆಯಾಗಲಿ ಬಿ.ಪಿ.ಯಾಗಲಿ ಇಲ್ಲದ ಕೂಲಿಗಳ ಕಿಡ್ನಿ ಸೋಲುತ್ತಿರುವುದನ್ನು ವೈದ್ಯರು 2002ರಲ್ಲೇ ದಾಖಲಿಸಿದರು. ಪಕ್ಕದ ಆಂಧ್ರದ ಉದ್ದಾನಂನಲ್ಲೂ ಇಂಥದ್ದೇ ರೋಗವಿದೆ. ಅಲ್ಲಿ ಕಾರಣ ಇನ್ನೂ ಇತ್ಯರ್ಥವಾಗಿಲ್ಲ. ಕಬ್ಬಿನ ಗದ್ದೆಯಲ್ಲಿ ಮಾತ್ರ ಬಿಸಿಲು ಮತ್ತು ಬಿಡುವಿಲ್ಲದ ದುಡಿಮೆಯೇ ಮೊದಲ ಆರೋಪಿ.

ಟನ್ ಲೆಕ್ಕದ ಕೂಲಿಯಲ್ಲಿ ಕೂತರೆ ಕಾಸಿಲ್ಲ. ಬೆವರು ಹರಿದು ರಕ್ತ ಗಟ್ಟಿಯಾಗುತ್ತದೆ, ಕಿಡ್ನಿಗೆ ಹೋಗುವ ರಕ್ತ ಇಳಿಯುತ್ತದೆ, ಅತಿಯಾಗಿ ದಣಿದ ಸ್ನಾಯುಗಳ ಕಶ್ಮಲವನ್ನೂ ಅದೇ ಸೋಸಬೇಕು. ಒಂದು ದಿನದ ಪೆಟ್ಟು ವಾಸಿಯಾದೀತು. ತಿಂಗಳುಗಟ್ಟಲೆ ದಿನವೂ ಬಿದ್ದರೆ ಅಂಗಾಂಶ ಕಲೆಗಟ್ಟುತ್ತದೆ. ಇದರ ಮೇಲೆ ಸಂಜೆ ಮೈಕೈ ನೋವಿಗೆ ಡೈಕ್ಲೋಫೆನಾಕ್ ಮಾತ್ರೆ, ಇಲ್ಲವೇ ಒಂದು ಸೂಜಿ. ನೀರು ಕಡಿಮೆಯಾದಾಗ ಕಿಡ್ನಿಯ ರಕ್ತನಾಳವನ್ನು ತೆರೆದಿಡುವ ರಾಸಾಯನಿಕವನ್ನೇ ಈ ಔಷಧಿ ತಡೆಯುತ್ತದೆ. ಬೆವರಿ ಬಂದ ದಿನವೇ ಅದು ಹೆಚ್ಚು ಅಪಾಯ. ಅಷ್ಟೇನೂ ಹಾನಿಯಿಲ್ಲದ್ದು ಮಿತ ಪ್ರಮಾಣದ ಪ್ಯಾರಾಸಿಟಮಾಲ್. ಉರಿಮೂತ್ರ ಎಂದೊಡನೆ ಪರೀಕ್ಷೆಯಿಲ್ಲದೆ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಚುಚ್ಚುವುದೂ ತಪ್ಪು. ಉರಿ ಬರೀ ನೀರು ಸಾಲದೆ ಬಂದಿರಬಹುದು, ಆ ಔಷಧಿ ಕಿಡ್ನಿಗೇ ವಿಷ.

ಆರೋಗ್ಯ ಶಿಬಿರಗಳಲ್ಲಿ ಬಿ.ಪಿ. ನೋಡಿ, ಮೂತ್ರಕ್ಕೆ ಪಟ್ಟಿ ಅದ್ದಿ 'ಚೆನ್ನಾಗಿದ್ದೀರಿ' ಎನ್ನುತ್ತಾರೆ. ಈ ರೋಗದಲ್ಲಿ ಆರಂಭದಲ್ಲಿ ಬಿ.ಪಿ. ಏರುವುದು ಅಪರೂಪ, ಮೂತ್ರದಲ್ಲಿ ಪ್ರೋಟೀನ್ ಕೂಡ ಅಷ್ಟಾಗಿ ಕಾಣದು. ಬೇಕಾದ್ದು ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ) ಪರೀಕ್ಷೆ. ಹಂಗಾಮಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಕಡಿದು ಬಂದ ಸಂಜೆ ಬೇಡ, ಒಂದೆರಡು ದಿನ ಬಿಡುವಾದ ಮೇಲೆ ತೆಗೆಯಬೇಕು. ವರದಿಯಲ್ಲಿ ಏರುಪೇರು ತೋರಿಸುವ ನಕ್ಷತ್ರದ ಗುರುತಿಲ್ಲವೆಂದು ಸುಮ್ಮನಾಗುವಂತಿಲ್ಲ. 45 ವರ್ಷದ ಹೆಂಗಸಿಗೆ 1.2 ಬಂದರೆ ಎಷ್ಟೋ ಲ್ಯಾಬ್‌ಗಳು ಸರಿ ಎನ್ನುತ್ತವೆ, ಆದರೆ ಕಿಡ್ನಿಯ ಸೋಸುವ ಶಕ್ತಿ (ಇಜಿಎಫ್ಆರ್, ನಿಮಿಷಕ್ಕೆ ಮಿ.ಲೀ.) ಲೆಕ್ಕ ಹಾಕಿದರೆ 57ರ ಆಸುಪಾಸು. ಮೂರು ತಿಂಗಳು ಬಿಟ್ಟು ನೋಡಿದಾಗಲೂ 60ಕ್ಕಿಂತ ಕೆಳಗಿದ್ದರೆ ಅದು ದೀರ್ಘಕಾಲದ ಕಿಡ್ನಿ ರೋಗ.

ಗದ್ದೆಯಲ್ಲಿ ಪ್ರತಿ 20 ನಿಮಿಷಕ್ಕೆ ಒಂದು ಲೋಟ, ಅಂದರೆ ಗಂಟೆಗೆ ಮುಕ್ಕಾಲು ಲೀಟರ್ ನೀರು ಬೇಕು. ಗಂಟೆಗೆ ಒಂದೂವರೆ ಲೀಟರ್ ದಾಟಿ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆ ತಿರುಗಬಹುದು. ನಡುವೆ ಉಪ್ಪು ಹಾಕಿದ ಮಜ್ಜಿಗೆಯೋ ರಾಗಿ ಅಂಬಲಿಯೋ ಇರಲಿ. ಬಣ್ಣದ ಸಿಹಿ ಪಾನೀಯ ಬೇಡ. ಆದರೆ ಮಧ್ಯ ಅಮೆರಿಕದ ಅನುಭವ ಹೇಳುವುದು, ನೀರೊಂದೇ ಕಾಯುವುದಿಲ್ಲ, ನೆರಳಲ್ಲಿ ಕೂರುವ ಬಿಡುವು ಬೇಕು ಎಂದು. ಎಲ್ ಸಾಲ್ವಡಾರ್‌ನಲ್ಲಿ ಹಾಗೆ ಬಿಡುವು ಕೊಟ್ಟು ನೋಡಿದಾಗ ಕಡಿದ ಟನ್ನೇನೂ ಇಳಿಯಲಿಲ್ಲ. ಕಾರ್ಖಾನೆಯವರಿಗೆ ಇದನ್ನು ಹೇಳಿದರೆ ನಂಬುವುದು ಕಷ್ಟ, ಇರಲಿ.

ಹೆಂಗಸರದ್ದು ಇನ್ನೊಂದು ಪಾಡು. ಬಯಲಲ್ಲಿ ಮರೆಯಿಲ್ಲವೆಂದು ಬೆಳಗಿನಿಂದ ಗುಟುಕು ನೀರೂ ಕುಡಿಯುವುದಿಲ್ಲ. ಎತ್ತಿ ಸಾಗಿಸಬಹುದಾದ ಒಂದು ಶೌಚದ ಮರೆ, ನೆರಳಿಗೊಂದು ಟಾರ್ಪಾಲು, ಗಂಟೆಗೆ ಹತ್ತು ನಿಮಿಷದ ಕೂಲಿಸಹಿತ ಬಿಡುವು: ಗ್ಯಾಂಗಿಗೆ ಮುಂಗಡ ಕೊಡುವ ದಿನವೇ ಈ ಮೂರನ್ನೂ ಕರಾರಿನಲ್ಲಿ ಬರೆಸುವಂತೆ ಸಕ್ಕರೆ ಮತ್ತು ಕಾರ್ಮಿಕ ಇಲಾಖೆಗಳು ಆದೇಶಿಸಲಿ.

– ಓದುಗರು, ಮಂಡ್ಯ ಜಿಲ್ಲೆ