525 ಪಟ್ಟು ಬೇಡ, ಒಳ್ಳೆಯ ಗಾಜಿನ 70 ಮಿ.ಮೀ. ಸಾಕು

ಸಂಪಾದಕರಿಗೆ ನಮಸ್ಕಾರ.

ಮಕ್ಕಳ ಪರೀಕ್ಷೆ ಮುಗಿದು ರಜೆ ಶುರುವಾಗುವ ಹೊತ್ತಿಗೆ ಟೆಲಿಸ್ಕೋಪ್ ಜಾಹೀರಾತುಗಳು ಜಾಸ್ತಿಯಾಗುತ್ತವೆ. ಪೆಟ್ಟಿಗೆ ಮೇಲೆ ಬಣ್ಣಬಣ್ಣದ ನೀಹಾರಿಕೆ, ಪಕ್ಕದಲ್ಲಿ ಶನಿಯ ಉಂಗುರ, ಕೆಳಗೆ ದಪ್ಪ ಅಕ್ಷರದಲ್ಲಿ ‘525 ಪಟ್ಟು’. ಇದನ್ನು ನಂಬಿ ದುಡ್ಡು ಸುರಿದು, ಒಂದೆರಡು ವಾರದಲ್ಲಿ ಬೇಜಾರಾಗಿ ಅದನ್ನು ಅಟ್ಟಕ್ಕೆ ಹಾಕಿದವರನ್ನು ಬೆಂಗಳೂರಿನ ಹವ್ಯಾಸಿ ಬಳಗಗಳಲ್ಲಿ ಎಷ್ಟೋ ಜನರನ್ನು ನೋಡಿದ್ದೇನೆ. ನಿಮ್ಮ ಪತ್ರಿಕೆ ಮನೆಮನೆಗೂ ಹೋಗುತ್ತದೆ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಜಾಗ ಕೊಡಿ.

ನನ್ನ ಮಾತು ಇಷ್ಟು. ಆಕಾಶದ ಫೋಟೋ ತೆಗೆಯುವ ಆಸೆ ಇದ್ದರೆ ಚಿಕ್ಕ ರಿಫ್ರ್ಯಾಕ್ಟರ್ ಕೊಳ್ಳಿ, ಅಂದರೆ ಕನ್ನಡಿಯ ಬದಲು ಲೆನ್ಸ್ ಇರುವ ಟೆಲಿಸ್ಕೋಪ್. ಗಾಜು ಒಳ್ಳೆಯದಿರಲಿ. ಉಳಿದ ದುಡ್ಡನ್ನು ಅದನ್ನು ಹೊತ್ತು ತಿರುಗಿಸುವ ಮೌಂಟ್‌ಗೆ ಹಾಕಿ.

ಮೊದಲು ಆ 525 ಎಲ್ಲಿಂದ ಬಂತು ನೋಡಿ. ನಾಭಿದೂರ ಅಂದರೆ ಲೆನ್ಸಿನಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ. 700 ಮಿ.ಮೀ. ನಾಭಿದೂರದ ಟ್ಯೂಬ್‌ಗೆ 4 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಚಿಕ್ಕ ಲೆನ್ಸ್) ಹಾಕಿದರೆ, 700 ಭಾಗಿಸು 4, 175 ಪಟ್ಟು. ಅದರ ಮಧ್ಯೆ ಚಿತ್ರವನ್ನು ಮೂರು ಪಟ್ಟು ಹಿಗ್ಗಿಸುವ ಬಾರ್ಲೊ ಲೆನ್ಸ್ ಸೇರಿಸಿದರೆ 525. ಲೆಕ್ಕ ಸರಿ, ಆದರೆ ಕಾಣುವುದು ಮಬ್ಬು. ಲೆನ್ಸಿನ ಅಗಲ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟು ಪಟ್ಟು, ಅಲ್ಲಿಗೆ ಮುಗಿಯಿತು. 70 ಮಿ.ಮೀ. ಲೆನ್ಸಿಗೆ 140ರ ಆಸುಪಾಸು. ಇನ್ನು ಫೋಟೋ ತೆಗೆಯುವಾಗ ಐಪೀಸೇ ಇರುವುದಿಲ್ಲ, ಆ ಜಾಗದಲ್ಲಿ ಕ್ಯಾಮೆರಾ ಕೂರುತ್ತದೆ. ಹಾಗಾಗಿ ‘ಎಷ್ಟು ಪಟ್ಟು’ ಅನ್ನುವ ಪ್ರಶ್ನೆಯೇ ಅಲ್ಲಿಲ್ಲ. ಕೇಳಬೇಕಾದ್ದು ನಾಭಿದೂರ ಎಷ್ಟು, ಸೆನ್ಸರ್ (ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಫಲಕ) ಎಷ್ಟು ದೊಡ್ಡದು ಅಂತ.

420 ಮಿ.ಮೀ. ನಾಭಿದೂರದ ಚಿಕ್ಕ ಟ್ಯೂಬ್ ತಗೊಳ್ಳೋಣ. ಅದರಲ್ಲಿ ಹುಣ್ಣಿಮೆ ಚಂದ್ರ ಸೆನ್ಸರ್ ಮೇಲೆ ಮೂಡುವುದು ನಾಲ್ಕು ಮಿ.ಮೀ.ಗಿಂತ ಸ್ವಲ್ಪ ಕಡಿಮೆ ಅಗಲಕ್ಕೆ. ಸಾಮಾನ್ಯ ಡಿಎಸ್ಎಲ್ಆರ್‌ನ ಸೆನ್ಸರ್ 22-23 ಮಿ.ಮೀ. ಅಗಲ. ಅಷ್ಟೇನಾ ಅನ್ನಿಸಬಹುದು. ಆದರೆ ಆಕಾಶದಲ್ಲಿ ಫೋಟೋಕ್ಕೆ ಚೆಂದವಾದವು ಬಹಳಷ್ಟು ಚಂದ್ರನಿಗಿಂತ ದೊಡ್ಡವು! ದೇವಯಾನಿ ಗೆಲಾಕ್ಸಿ ಸುಮಾರು ಮೂರು ಡಿಗ್ರಿ ಉದ್ದ, ಅಂದರೆ ಆರು ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಮಂಕಾಗಿರುವುದರಿಂದ ನಮ್ಮ ಕಣ್ಣಿಗೆ ಅಷ್ಟು ಕಾಣುವುದಿಲ್ಲ, ಅಷ್ಟೇ. ಕೃತ್ತಿಕೆಯ ಗುಂಪು ಹೆಚ್ಚೂಕಡಿಮೆ ಎರಡು ಡಿಗ್ರಿ, ಮಹಾವ್ಯಾಧನ ಕತ್ತಿಯಲ್ಲಿರುವ ನೀಹಾರಿಕೆ ಒಂದು ಡಿಗ್ರಿ. ಇವೆಲ್ಲ 420 ಮಿ.ಮೀ. ಟ್ಯೂಬಿನ ಚೌಕಟ್ಟಿನಲ್ಲಿ ಹಿಡಿಸುತ್ತವೆ. ಸಾವಿರ ಮಿ.ಮೀ. ಟ್ಯೂಬ್ ತಂದರೆ ದೇವಯಾನಿಯ ಹೊಟ್ಟೆ ಮಾತ್ರ ಸಿಗುತ್ತದೆ.

ಹಾಗಂತ ಶನಿಯ ಉಂಗುರ, ಗುರುವಿನ ಪಟ್ಟಿಗಳ ಫೋಟೋ ಬೇಕೆನ್ನುವವರು ಈ ಚಿಕ್ಕ ಟ್ಯೂಬ್ ಕೊಳ್ಳಬೇಡಿ. 420 ಮಿ.ಮೀ.ಯಲ್ಲಿ ಗುರು ಸೆನ್ಸರ್ ಮೇಲೆ ಒಂದು ಮಿ.ಮೀ.ಯ ಹತ್ತನೇ ಒಂದು ಭಾಗದಷ್ಟೇ ಇರುತ್ತಾನೆ. ಗ್ರಹಗಳ ದಾರಿಯೇ ಬೇರೆ, ಅದಕ್ಕೆ ಉದ್ದ ನಾಭಿದೂರದ ಕನ್ನಡಿ ಟೆಲಿಸ್ಕೋಪ್ ಬೇಕು.

ಈಗ ಗಾಜಿನ ವಿಷಯ. ಕಡಿಮೆ ಬೆಲೆಯ ರಿಫ್ರ್ಯಾಕ್ಟರ್‌ಗಳಲ್ಲಿ ಇರುವುದು ಆಕ್ರೋಮ್ಯಾಟ್, ಎರಡು ಮಾಮೂಲಿ ಗಾಜಿನ ಜೋಡಿ. ಅದು ಕೆಂಪು, ನೀಲಿ ಬೆಳಕನ್ನು ಹೆಚ್ಚುಕಮ್ಮಿ ಒಂದೇ ಕಡೆ ತಂದು ಸೇರಿಸುತ್ತದೆ, ಆದರೆ ನೇರಳೆ ಹೊರಗೆ ಉಳಿಯುತ್ತದೆ. ಕಣ್ಣಿಟ್ಟು ನೋಡುವಾಗ ಇದೇನೂ ಅಷ್ಟು ತೊಂದರೆ ಕೊಡುವುದಿಲ್ಲ. ಕ್ಯಾಮೆರಾ ಬಿಡುವುದಿಲ್ಲ. ಲುಬ್ಧಕದಂಥ ಪ್ರಕಾಶಮಾನ ನಕ್ಷತ್ರಕ್ಕೆ ಗುರಿಯಿಟ್ಟು ಅರ್ಧ ನಿಮಿಷ ತೆರೆದಿಡಿ, ಸುತ್ತ ನೇರಳೆ ಬಣ್ಣದ ಊದಿದ ಬಳೆ ಬರುತ್ತದೆ. ಕೃತ್ತಿಕೆಯಲ್ಲಂತೂ ನಿಜವಾದ ನೀಲಿ ಧೂಳು ಯಾವುದು, ಲೆನ್ಸಿನ ನೀಲಿ ಯಾವುದು ಅಂತ ಗೊತ್ತೇ ಆಗುವುದಿಲ್ಲ. ಇದನ್ನು ಕಡಿಮೆ ಮಾಡಲು ಬಣ್ಣಗಳನ್ನು ಅಷ್ಟಾಗಿ ಚದುರಿಸದ ಇಡಿ (ED) ಗಾಜು ಬೇಕು. ಮಾರುವವರು ‘ಇಡಿ ಲೆನ್ಸ್’ ಎಂದಷ್ಟೇ ಹೇಳಿದರೆ ಸುಮ್ನೆ ಬಿಡಬೇಡಿ, ಯಾವ ಇಡಿ ಎಂದು ಕೇಳಿ. ಎಫ್‌ಪಿಎಲ್-51 ಎಂದರೆ ಪರವಾಗಿಲ್ಲ, ಎಫ್‌ಪಿಎಲ್-53 ಅಥವಾ ಎಫ್‌ಸಿಡಿ-100 ಎಂದರೆ ಇನ್ನೂ ಚೆನ್ನ. ಆದರೂ ಹೆಸರೊಂದೇ ಸಾಲದು. ಚೆನ್ನಾಗಿ ಉಜ್ಜಿ ಕೂರಿಸಿದ 51 ಗಾಜು, ಅವಸರದಲ್ಲಿ ಮಾಡಿದ 53ಕ್ಕಿಂತ ಒಳ್ಳೆಯ ಚಿತ್ರ ಕೊಡುತ್ತದೆ. ಅದೇ ಟ್ಯೂಬಿನಲ್ಲಿ ಬೇರೆಯವರು ತೆಗೆದ, ಮೂಲೆ ಕತ್ತರಿಸದ ಪೂರ್ತಿ ಫೋಟೋ ಕೇಳಿ ನೋಡಿ.

ಮೂಲೆ ಯಾಕೆ? ಎರಡು ಲೆನ್ಸಿನ ಟ್ಯೂಬ್‌ಗಳಲ್ಲಿ ನಡುವಿನ ನಕ್ಷತ್ರಗಳು ಚುಕ್ಕಿಯಂತಿದ್ದರೂ ಅಂಚಿನವು ಎಳೆದಂತಿರುತ್ತವೆ. ಅದಕ್ಕೆ ಫ್ಲ್ಯಾಟ್ನರ್ ಎಂಬ ಇನ್ನೊಂದು ಲೆನ್ಸ್ ಬೇಕು, ಅದರಿಂದ ಸೆನ್ಸರ್‌ಗೆ ಸಾಮಾನ್ಯವಾಗಿ 55 ಮಿ.ಮೀ. ದೂರ ಇರಬೇಕು, ಒಂದು ಮಿ.ಮೀ. ಆಚೀಚೆ ಆದರೂ ಮೂಲೆಯಲ್ಲಿ ಗೊತ್ತಾಗುತ್ತದೆ. ಇದರ ಖರ್ಚನ್ನು ಅಂಗಡಿಯವರು ಮೊದಲೇ ಹೇಳುವುದಿಲ್ಲ. ಸ್ಕೈವಾಚರ್ ಇವೊಸ್ಟಾರ್ 72ಇಡಿ, ಎಸ್‌ವಿಬೋನಿಯ ಎಸ್‌ವಿ503 70ಇಡಿ ಎರಡೂ 420 ಮಿ.ಮೀ. ಟ್ಯೂಬ್‌ಗಳು, ಶುರುಮಾಡುವವರಿಗೆ ಒಳ್ಳೆಯವು, ಆದರೆ ಫ್ಲ್ಯಾಟ್ನರ್ ಸೇರಿಸಿಯೇ ಬೆಲೆ ಲೆಕ್ಕ ಹಾಕಿ. ವಿಲಿಯಂ ಆಪ್ಟಿಕ್ಸ್‌ನ ರೆಡ್‌ಕ್ಯಾಟ್ 51, ಅಸ್ಕರ್‌ನ ಎಫ್‌ಆರ್‌ಎ300 ತರಹದವುಗಳಲ್ಲಿ ಈ ಕೆಲಸಕ್ಕೆ ಬೇಕಾದ ಲೆನ್ಸ್ ಒಳಗೇ ಇರುತ್ತದೆ, ದೂರ ಅಳೆಯುವ ತಲೆನೋವಿಲ್ಲ. ಹಾಗಾಗಿ ಮೊದಲು ದುಬಾರಿ ಅನ್ನಿಸಿದ್ದು ಕೊನೆಗೆ ಅಷ್ಟೇನೂ ದುಬಾರಿ ಆಗಿರುವುದಿಲ್ಲ.

ಎಫ್ ಸಂಖ್ಯೆಯನ್ನೂ ನೋಡಿ, ಅಂದರೆ ನಾಭಿದೂರವನ್ನು ಲೆನ್ಸಿನ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ. ಎಫ್/5ರಲ್ಲಿ ಒಂದು ಗಂಟೆಗೆ ಬರುವ ಫಲ ಎಫ್/7ರಲ್ಲಿ ಬರಲು ಹತ್ತಿರ ಹತ್ತಿರ ಎರಡು ಗಂಟೆ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಚ್ಚಿಕೊಂಡಿರುವ ಈ ಊರಿನಲ್ಲಿ ಒಂದು ಗಂಟೆ ಅಂದರೆ ಕಮ್ಮಿಯಲ್ಲ.

ಕೈಯಲ್ಲಿ ಹಿಡಿದು ನೋಡಲು ಅವಕಾಶ ಸಿಕ್ಕರೆ ಒಂದು ಪರೀಕ್ಷೆ ಮಾಡಿ. ಕ್ಯಾಮೆರಾ ಸಿಕ್ಕಿಸಿ, ಟ್ಯೂಬನ್ನು ನೆತ್ತಿಗೆ ನೇರ ಎತ್ತಿ, ಫೋಕಸ್ ತಿರುಪನ್ನು ನಿಧಾನವಾಗಿ ತಿರುಗಿಸಿ. ಅಗ್ಗದ ಫೋಕಸರ್ ಆದರೆ ಕ್ಯಾಮೆರಾ ಭಾರಕ್ಕೆ ಕೊಳವೆ ತಾನಾಗಿಯೇ ಕೆಳಗೆ ಜಾರುತ್ತದೆ, ತಿರುಪು ಬಿಗಿ ಮಾಡಿದರೆ ಚಿತ್ರ ಪಕ್ಕಕ್ಕೆ ಸರಿಯುತ್ತದೆ. ರಾತ್ರಿ ಚಳಿಯಲ್ಲಿ ನಿಂತು ಇದರ ಜೊತೆ ಗುದ್ದಾಡಲು ಆಗುವುದಿಲ್ಲ. ಹಲ್ಲುಪಟ್ಟಿ ಇರುವ, ನಿಧಾನ ತಿರುಗಿಸುವ ಎರಡನೇ ತಿರುಪು ಇರುವ ಫೋಕಸರ್ ಇದ್ದರೆ ಅದನ್ನೇ ತಗೊಳ್ಳಿ. ಫೋಕಸ್ ಹಿಡಿಯಲು ಬಾಹ್ತಿನೊವ್ ಮಾಸ್ಕ್ ಎಂಬ ಸೀಳುಸೀಳಾದ ಮುಚ್ಚಳ ಬರುತ್ತದೆ, ದಪ್ಪ ರಟ್ಟಿನಲ್ಲಿ ಮನೆಯಲ್ಲೇ ಕತ್ತರಿಸಬಹುದು. ನಕ್ಷತ್ರದಿಂದ ಮೂರು ಗೆರೆ ಮೂಡುತ್ತವೆ, ನಡುವಿನ ಗೆರೆ ಉಳಿದೆರಡು ಸೇರುವ ಜಾಗದಲ್ಲೇ ಹಾದರೆ ಫೋಕಸ್ ಸರಿಯಾಯಿತು.

ಟ್ಯೂಬಿಗಿಂತ ಮುಖ್ಯವಾದದ್ದು ಮೌಂಟ್. ಭೂಮಿ ತಿರುಗುವುದರಿಂದ ನಕ್ಷತ್ರಗಳು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್) ಸರಿಯುತ್ತವೆ. 24 ಮೆಗಾಪಿಕ್ಸೆಲ್‌ನ ಮಾಮೂಲಿ ಕ್ಯಾಮೆರಾವನ್ನು 420 ಮಿ.ಮೀ. ಟ್ಯೂಬ್‌ಗೆ ಹಾಕಿದರೆ, ಒಂದೇ ಸೆಕೆಂಡಿನಲ್ಲಿ ನಕ್ಷತ್ರ ಎಂಟು ಪಿಕ್ಸೆಲ್ ದಾಟಿಬಿಡುತ್ತದೆ. ಚುಕ್ಕಿ ಗೆರೆಯಾಗುತ್ತದೆ. ಅದಕ್ಕೆ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸಿ ತಿರುಗಿಸುವ ಈಕ್ವಟೋರಿಯಲ್ ಮೌಂಟ್ ಬೇಕು. ಎರಡು ಕೆ.ಜಿ.ಯ ಟ್ಯೂಬಿಗೆ ಚಿಕ್ಕ ಮೌಂಟ್ ಸಾಕು, ಅದೇ ಎಂಟು ಇಂಚಿನ ಕನ್ನಡಿ ತಂದರೆ ಮೌಂಟ್‌ಗೇ ಮನೆ ಖರ್ಚಿನ ಲೆಕ್ಕ ತಪ್ಪುತ್ತದೆ. ನಾನಾದರೆ ಕೈಯಲ್ಲಿರುವ ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಮೌಂಟ್‌ಗೇ ಎತ್ತಿಡುತ್ತೇನೆ.

ಇಲ್ಲಿ ಬೆಂಗಳೂರಿನವರು ಮುಖ್ಯವಾಗಿ ನೋಡಬೇಕಾದ್ದು ಇನ್ನೊಂದಿದೆ. ಮೌಂಟ್‌ನ ಅಕ್ಷವನ್ನು ಧ್ರುವ ನಕ್ಷತ್ರದತ್ತ ಗುರಿಯಿಟ್ಟು ನಿಲ್ಲಿಸಬೇಕು, ಆದರೆ ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಧ್ರುವ ನಕ್ಷತ್ರ ಉತ್ತರ ದಿಗಂತದಿಂದ 13 ಡಿಗ್ರಿ ಮೇಲಷ್ಟೇ, ಕೈಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ಎದುರು ಮನೆ ಮೂರನೇ ಮಹಡಿ ಎಬ್ಬಿಸಿದರೆ ಧ್ರುವ ಹೋದ! ವಿದೇಶದಲ್ಲಿ ತಯಾರಾದ ಎಷ್ಟೋ ಮೌಂಟ್‌ಗಳು ಅಲ್ಲಿನ 40-50 ಡಿಗ್ರಿ ಅಕ್ಷಾಂಶ ನೋಡಿ ಮಾಡಿದವು. ಕೆಲವು 13ಕ್ಕೆ ಇಳಿಯುವುದೇ ಇಲ್ಲ. ಇಳಿದರೂ ಸಮತೂಕದ ಗುಂಡು ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತದೆ. ಕೊಳ್ಳುವ ಮುಂಚೆ ‘13 ಡಿಗ್ರಿಗೆ ಇಳಿಯುತ್ತದಾ’ ಎಂದು ಬರಹದಲ್ಲಿ ಕೇಳಿ. ಇಷ್ಟು ಕೆಳಗಿರುವುದರಿಂದ ಲಾಭವೂ ಇದೆ ಅಲ್ವಾ? ಲಂಡನ್‌ನವರು ಮನೆಯಿಂದ ಎಂದೂ ನೋಡಲಾಗದ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ನಮಗೆ ಬೇಸಿಗೆಯ ರಾತ್ರಿ ದಕ್ಷಿಣದಲ್ಲಿ 30 ಡಿಗ್ರಿ ಹತ್ತಿರಕ್ಕೆ ಏರುತ್ತದೆ. ಚಿಕ್ಕ ಟ್ಯೂಬಿನಲ್ಲೂ ಲಕ್ಷಣವಾಗಿ ಬರುತ್ತದೆ.

ನಗರದ ಬೆಳಕಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ತಾರಸಿಯಲ್ಲಿ ನಿಂತರೆ ಆಕಾಶ ಬೂದು ಬಣ್ಣ. ಆದರೂ ಕೆಲಸ ನಿಲ್ಲಬೇಕಿಲ್ಲ. ಹೈಡ್ರೋಜನ್ ಮತ್ತು ಆಮ್ಲಜನಕದ ಬೆಳಕನ್ನು ಮಾತ್ರ ಬಿಡುವ ಡ್ಯುಯಲ್ ನ್ಯಾರೋಬ್ಯಾಂಡ್ ಫಿಲ್ಟರ್ ಹಾಕಿದರೆ ಹೊಳೆಯುವ ನೀಹಾರಿಕೆಗಳು ನಗರದ ನಡುವಿನಿಂದಲೂ ಬರುತ್ತವೆ. ಗೆಲಾಕ್ಸಿಗಳಿಗೆ ಇದು ಉಪಯೋಗವಿಲ್ಲ, ಅವುಗಳ ಬೆಳಕು ಎಲ್ಲ ಬಣ್ಣದಲ್ಲೂ ಹರಡಿರುತ್ತದೆ. ಅದಕ್ಕೆ ಊರ ಹೊರಗೆ ಹೋಗಲೇಬೇಕು. ಚಿಕ್ಕ ಟ್ಯೂಬಿನ ಬೆಲೆ ಗೊತ್ತಾಗುವುದು ಆಗ. ಟ್ಯೂಬ್, ಕ್ಯಾಮೆರಾ ಒಂದೇ ಬ್ಯಾಗಿನಲ್ಲಿ ಹೆಗಲಿಗೆ, ಮೌಂಟ್ ಇನ್ನೊಂದರಲ್ಲಿ, ಇಬ್ಬರು ಒಂದು ಬೈಕಿನಲ್ಲಿ ಹೋಗಿಬರಬಹುದು. ಕನಕಪುರ ದಾಟಿ ಕಾಡಂಚಿನ ಕಡೆ ಹೋಗುವವರು ಆನೆ ಓಡಾಡುವ ಜಾಗದಲ್ಲಿ ಖಂಡಿತ ನಿಲ್ಲಬೇಡಿ. ಪರಿಚಯದವರ ಹೊಲ, ತೋಟದ ಮನೆಯ ಅಂಗಳ ಎಲ್ಲಕ್ಕಿಂತ ಒಳ್ಳೆಯದು.

ಈಚೆಗೆ ಬಂದಿರುವ ‘ಸ್ಮಾರ್ಟ್ ಟೆಲಿಸ್ಕೋಪ್’ಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಸೀಸ್ಟಾರ್ ಎಸ್50 ಕೂಡ ಒಳಗೆ 50 ಮಿ.ಮೀ. ಅಗಲ, 250 ಮಿ.ಮೀ. ನಾಭಿದೂರದ ಚಿಕ್ಕ ರಿಫ್ರ್ಯಾಕ್ಟರೇ. ಮೊಬೈಲ್‌ನಲ್ಲಿ ಹೆಸರು ಒತ್ತಿದರೆ ತಾನೇ ಹುಡುಕಿ ಫೋಟೋ ತೆಗೆಯುತ್ತದೆ. ವಯಸ್ಸಾದವರಿಗೆ, ಶಾಲೆಗಳಿಗೆ, ಸಮಯವಿಲ್ಲದವರಿಗೆ ಇದನ್ನು ಮನಸಾರೆ ಹೇಳುತ್ತೇನೆ. ಆದರೆ ಮುಂದೆ ಕ್ಯಾಮೆರಾ ಬದಲಿಸಬೇಕು, ಲೆನ್ಸ್ ಬದಲಿಸಬೇಕು ಅನ್ನಿಸಿದಾಗ ಅದರಲ್ಲಿ ಆಗುವುದಿಲ್ಲ. ಕಲಿಯುವ ಹಟ ಇರುವ ಮಕ್ಕಳಿಗೆ ಬಿಡಿಬಿಡಿಯಾಗಿ ಕೊಡಿಸುವುದೇ ಸರಿ.

ಇನ್ನೂ ಕಡಿಮೆ ದುಡ್ಡಿನಲ್ಲಿ ಶುರು ಮಾಡಬೇಕಾ? ಮನೆಯಲ್ಲಿ ಹಳೆಯ ಡಿಎಸ್ಎಲ್ಆರ್ ಇದ್ದರೆ ಟೆಲಿಸ್ಕೋಪ್ ಆಮೇಲೆ ನೋಡೋಣ. ಮೊದಲು ನಕ್ಷತ್ರಗಳ ಜೊತೆ ಕ್ಯಾಮೆರಾವನ್ನು ತಿರುಗಿಸುವ ಚಿಕ್ಕ ಟ್ರ್ಯಾಕರ್ ಮೌಂಟ್ ತಂದು, ಸಮ್ಯಾಂಗ್ 135 ಮಿ.ಮೀ.ಯಂಥ ಲೆನ್ಸನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕಿ. ಚಿತ್ರಗಳನ್ನು ಒಂದರ ಮೇಲೊಂದು ಸೇರಿಸಲು ಸಿರಿಲ್ ಎಂಬ ತಂತ್ರಾಂಶ ಪೂರ್ತಿ ಉಚಿತ. 12 ವೋಲ್ಟ್ ಬ್ಯಾಟರಿ, ವೈರು, ಲೆನ್ಸಿಗೆ ಇಬ್ಬನಿ ಕೂರದಂತೆ ಬೆಚ್ಚಗಿಡುವ ಪಟ್ಟಿಗೆ ಬೇಕಾದ ಸಾಮಾನು ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಟ್ಯೂಬನ್ನು ಸಿಲಿಕಾ ಜೆಲ್ ಹಾಕಿ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದೆ. ಹಿಡಿದ ಮೇಲೆ ಹೋಗಿಸುವುದು ಕಷ್ಟ.

ಸಂಪಾದಕರೇ, ನಿಮ್ಮಲ್ಲಿ ಎರಡು ಕೋರಿಕೆ. ಹೊಸ ಮೊಬೈಲ್, ಹೊಸ ಕಾರು ಬಂದಾಗ ಅರ್ಧ ಪುಟ ಬರೆಯುತ್ತೀರಿ. ವರ್ಷಕ್ಕೆ ಒಂದೆರಡು ಸಲ, ರಜೆಗೆ ಮುಂಚೆ, ಟೆಲಿಸ್ಕೋಪ್ ಕೊಳ್ಳುವ ಬಗ್ಗೆಯೂ ಬಲ್ಲವರಿಂದ ಬರೆಸಿ. ಮಾರುವವರು ನಾಭಿದೂರ, ಗಾಜಿನ ಹೆಸರು, ತೂಕ ಹೇಳುವವರೆಗೂ ಬಿಡದೆ ಕೇಳಿ ಅಚ್ಚು ಮಾಡಿ. ಎರಡನೆಯದು, ನೆಹರೂ ತಾರಾಲಯ ನಮ್ಮೂರಲ್ಲೇ ಇದೆ, ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆ ಇದೆ, ಹವ್ಯಾಸಿಗಳ ಬಳಗಗಳಿವೆ. ಇವರೆಲ್ಲ ಸೇರಿ, ಜನ ತಮ್ಮ ಕ್ಯಾಮೆರಾ ತಂದು ಬೇರೆ ಬೇರೆ ಟ್ಯೂಬಿಗೆ ಹಾಕಿ ನೋಡುವ ಒಂದು ಸಂಜೆಯನ್ನು ಡಿಸೆಂಬರ್ ಅಥವಾ ಜನವರಿಯಲ್ಲಿ, ಆಕಾಶ ಶುಭ್ರವಾಗಿರುವಾಗ ಏರ್ಪಡಿಸಿದರೆ ಎಷ್ಟೋ ಮನೆಗಳ ದುಡ್ಡು ಉಳಿಯುತ್ತದೆ. ಅಂಥ ಸಂಜೆಗೆ ನನ್ನ ಟ್ಯೂಬ್, ಮೌಂಟ್ ಎರಡನ್ನೂ ತಂದು ನಿಲ್ಲಿಸಲು ತಯಾರಿದ್ದೇನೆ. ಕರೆದವರು ದಿನ ತಿಳಿಸಿದರೆ ಸಾಕು.

ಇಂತಿ,
ನಿಮ್ಮ ಓದುಗ,
ಬಸವನಗುಡಿ, ಬೆಂಗಳೂರು