ಜೀಪು ನಿಂತಿದೆ, ಕಣ್ಣಿನ ಶಿಬಿರ ನಿಲ್ಲಬಾರದು

ತಾಳವಾಡಿ ಸೀಮೆಯ ಬಂಧುಗಳೇ, ಮೈಸೂರು, ಬೆಂಗಳೂರು, ಕೊಯಮತ್ತೂರಿಗೆ ಹೋಗಿ ನೆಲೆಸಿರುವ ನಮ್ಮೂರ ಮಕ್ಕಳೇ,

ಹೋದ ಶಿಬಿರದ ದಿನ ನಮ್ಮ ಜೀಪು ಮಾವನತ್ತಂ ಕಾಡುದಾರಿಯ ಏರಿನಲ್ಲಿ ಕೈಕೊಟ್ಟಿತು. ಇಂಜಿನ್ ಕಾದು ಹೊಗೆ ಬಂತು, ಆಮೇಲೆ ಅಲುಗಲಿಲ್ಲ. ಒಳಗೆ ಕಣ್ಣಿನ ಆಪರೇಷನ್ನಿಗೆ ಹೊರಟ ಒಂಬತ್ತು ಜನ ಹಿರಿಯರು. ಅತ್ತ ದಿಂಬಂ ಸ್ಟಾಪಿನಲ್ಲಿ ಆಸ್ಪತ್ರೆಯ ಬಸ್ಸು ಕಾಯುತ್ತಿತ್ತು. ಕತ್ತಲಾಗುವ ಮೊದಲೇ ಘಾಟಿಯ 27 ತಿರುವು ಇಳಿಯಬೇಕು. 2022ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದು ನಿಮಗೆ ಗೊತ್ತೇ ಇದೆ. ಬಸ್ಸು ಎಷ್ಟು ಹೊತ್ತು ಕಾದೀತು? ಹೊರಟುಹೋಯಿತು. ಆನೆ ಓಡಾಡುವ ಆ ದಾರಿಯಲ್ಲಿ ಒಬ್ಬರ ಹೆಗಲು ಒಬ್ಬರು ಹಿಡಿದು ಎಲ್ಲರೂ ವಾಪಸ್ ನಡೆದರು. ಇಬ್ಬರಿಗೆ ಎರಡೂ ಕಣ್ಣಲ್ಲಿ ಪೊರೆ. ಪೊರೆ ತೀರಾ ಬಲಿತರೆ ಕಣ್ಣಿನ ಒತ್ತಡ ಏರಿ, ಆಮೇಲೆ ಆಪರೇಷನ್ ಮಾಡಿದರೂ ನೋಟ ಬರದೇ ಹೋಗಬಹುದು. ಅದಕ್ಕೇ ಈ ಅವಸರ.

ನಮ್ಮ ಟ್ರಸ್ಟ್ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ, ಆದ್ರೂ ಹೇಳದೆ ಇರಲು ಆಗುತ್ತಿಲ್ಲ. ಶಾಲೆ ಜಗಲಿಯ ಮೊದಲ ಶಿಬಿರದಲ್ಲಿ ತೋರಿಸಿಕೊಳ್ಳಲು ಬಂದವರಿಗಿಂತ ಊಟ ಬಡಿಸುವ ನಾವೇ ಜಾಸ್ತಿ ಇದ್ದೆವು. ಘಾಟಿ ಕೆಳಗಿನ ಆಸ್ಪತ್ರೆಯಲ್ಲಿ ನರ್ಸಮ್ಮ ತಮಿಳಿನಲ್ಲಿ 'ಕೀಳೆ ಪಾರುಂಗ' ಅಂದರು. ಕೆಳಗೆ ನೋಡಿ ಅಂತ ಅಷ್ಟೇ. ಕಾಳಿದಿಂಬಂ ಅಜ್ಜಿ ಮಾತ್ರ 'ಕೀಳ್ಬೇಡ ಕಣವ್ವ, ಇದ್ದಂಗೇ ಇರ್ಲಿ' ಎಂದು ಎದ್ದೇಬಿಟ್ಟರು! ಅಂದಿನಿಂದ ಪ್ರತಿ ಬಸ್ಸಿನಲ್ಲೂ ಮಾತು ತಿಳಿಸಿ ಹೇಳಲು ನಮ್ಮ ಕಡೆಯ ಹುಡುಗಿಯೊಬ್ಬಳು ಜೊತೆಗೆ ಹೋಗುತ್ತಾಳೆ. ಅದೇ ಅಜ್ಜಿ ಕೊನೆಗೆ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ಮರುದಿನವೇ ಮೊರ ಹಿಡಿದು ರಾಗಿಯಲ್ಲಿ ಕಲ್ಲು ಆರಿಸುತ್ತಾ ಕೂತಿದ್ದರು. ಬಗ್ಗಬೇಡಿ, ದೂಳು ಬೇಡ ಅಂದ್ರೆ ಕೇಳಬೇಕಲ್ವಾ.

ಆಪರೇಷನ್, ಲೆನ್ಸ್, ಊಟ ಎಲ್ಲಾ ಆಸ್ಪತ್ರೆಯವರದೇ, ಪುಕ್ಕಟೆ. ಪೋಡಿನಿಂದ, ಅಂದರೆ ಕಾಡಿನೊಳಗಿನ ಹಾಡಿಯಿಂದ, ಬಸ್ಸಿನವರೆಗೆ ಕರೆತರುವುದು ನಮ್ಮ ಪಾಲು. ತಿಂಗಳು ಕಳೆದ ಮೇಲೆ ಮತ್ತೆ ತೋರಿಸಿ ಕನ್ನಡಕದ ನಂಬರ್ ಬರೆಸಬೇಕು, ಅದಕ್ಕೆ ಇನ್ನೊಂದು ಓಡಾಟ. ನಡುವೆ ಕಣ್ಣಿನ ಡ್ರಾಪ್ಸ್ ಮುಗಿದರೆ ಪೋಡಿನಲ್ಲಿ ಮೆಡಿಕಲ್ ಸ್ಟೋರ್ ಎಲ್ಲಿದೆ? ಬಾಡಿಗೆ ಗಾಡಿಯವರು ಆ ದಾರಿ ಅಂದರೆ ಫೋನ್ ಇಟ್ಟುಬಿಡುತ್ತಾರೆ.

ಸತ್ಯಮಂಗಲದ ಮೆಕ್ಯಾನಿಕ್ ಇಂಜಿನ್ ಬಿಚ್ಚಿ ನೋಡಿ ಒಂದು ಲಕ್ಷದ ಮೇಲೆ ಅಂದಿದ್ದಾರೆ. ಟೈರು, ಡೀಸೆಲ್, ಡ್ರಾಪ್ಸ್ ಸೇರಿದರೆ ಒಂದೂವರೆ ಲಕ್ಷದ ಹತ್ತಿರ. ದೀಪಾವಳಿ ಹೊತ್ತಿಗೆ ಬರುವ, ಸಗಣಿ ಎರಚಾಡುವ ಗುಮಟಾಪುರದ ಗೋರೆ ಹಬ್ಬ ಮುಗಿದ ಮೇಲಿನ ಭಾನುವಾರ ಮುಂದಿನ ಶಿಬಿರ, ಅಷ್ಟರೊಳಗೆ ಜೀಪು ಆ ಏರು ಹತ್ತಬೇಕು. ಎಲೆಕೋಸಿಗೆ ಬೆಲೆ ಬಿದ್ದಿದೆ, ಊರಿನವರನ್ನು ಜಾಸ್ತಿ ಕೇಳಲು ಬಾಯಿ ಬರುತ್ತಿಲ್ಲ. ಐನೂರಾದರೂ ಸರಿ, ಒಂದು ಟೈರಿನ ಬೆಲೆಯಾದರೂ ಸರಿ. ಖಾತೆ ನಂಬರ್ ನಿಮ್ಮ ಹಳೇ ರಶೀದಿಯ ಹಿಂದೆಯೇ ಇದೆ. ಕಳಿಸಿದ ಮೇಲೆ ಹೆಸರು, ಊರು ತಿಳಿಸಿ. ಹೋದ ಸಲ ಹೆಸರಿಲ್ಲದೆ ಬಂದ ಎರಡು ದೇಣಿಗೆಯ ರಶೀದಿ ಇನ್ನೂ ನಮ್ಮ ಪೆಟ್ಟಿಗೆಯಲ್ಲೇ ಇದೆ.

ಇಂತಿ,
ಟ್ರಸ್ಟಿಗಳು