ತೆರೆದ ಟ್ಯೂಬ್ ವಾಪಸು ಪಡೆಯುವುದನ್ನು ನಿಲ್ಲಿಸುತ್ತಿರುವ ಬಗ್ಗೆ ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ಫ್ರೆಂಚ್ ಫಾರ್ಮಸಿ ಸನ್‌ಸ್ಕ್ರೀನ್‌ಗಳ (ಫ್ರಾನ್ಸಿನ ಔಷಧಿ ಅಂಗಡಿಗಳಲ್ಲಿ ಮಾರುವ, ಬಿಸಿಲು ತಡೆಯುವ ಕ್ರೀಮುಗಳ) ತೆರೆದ ಟ್ಯೂಬ್‌ಗಳನ್ನು ನಾವು ವಾಪಸು ಪಡೆಯುವುದಿಲ್ಲ. ಅದರ ಬದಲು, ಕೊಳ್ಳುವ ಮೊದಲೇ ನಿಮ್ಮ ಚರ್ಮದ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ, ಕೌಂಟರಿನ ಸ್ಯಾಂಪಲ್ ಟ್ಯೂಬಿನಿಂದ ನಿಮ್ಮ ದವಡೆಯ ಅಂಚಿಗೆ ಹಚ್ಚಿ, ಹದಿನೈದು ನಿಮಿಷ ಕಾದು, ಆಮೇಲೆ ಬಿಲ್ ಮಾಡುತ್ತೇವೆ. ಫೋನಿನಲ್ಲಿ ಬರಿಯ ಹೆಸರು ಹೇಳಿ ತರಿಸಿಕೊಳ್ಳುವ ಸೌಲಭ್ಯವು ಅದೇ ಟ್ಯೂಬನ್ನು ಹಿಂದೆ ಬಳಸಿದವರಿಗೆ ಮಾತ್ರ ಇರುತ್ತದೆ.

"ಹಿಡಿಸದಿದ್ದರೆ ತಂದುಕೊಡಿ" ಎಂದು ಮಾತು ಕೊಟ್ಟವರು ನಾವೇ. ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಗಿ ಬಂದುದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ಕೌಂಟರಿನ ಕೆಳಗಿರುವ ರಟ್ಟಿನ ಪೆಟ್ಟಿಗೆಯನ್ನು ನೀವೂ ಒಮ್ಮೆ ನೋಡಬೇಕು. ಅದರಲ್ಲಿರುವ ಟ್ಯೂಬ್‌ಗಳ ಪೈಕಿ ಬಹುಪಾಲು ಒಂದೆರಡು ಸಲ ಮಾತ್ರ ಹಿಂಡಿದಂಥವು. ಹೊಟ್ಟೆ ತುಂಬಿಯೇ ಇದೆ, ಮುಚ್ಚಳದ ಸುತ್ತ ಒಣಗಿದ ಬಿಳಿ ಗೆರೆಯೊಂದು ಬಿಟ್ಟರೆ ಹೊಸದೇ ಎನ್ನಬೇಕು. ಒಬ್ಬರ ಬೆರಳು ತಾಗಿದ್ದನ್ನು ಇನ್ನೊಬ್ಬರಿಗೆ ಮಾರುವ ಅಂಗಡಿ ನಮ್ಮದಲ್ಲವಾದ್ದರಿಂದ ಅಷ್ಟೂ ಕಸಕ್ಕೆ ಹೋಗುತ್ತದೆ, ಮತ್ತು ಅದರ ಪೂರ್ತಿ ಬೆಲೆಯನ್ನು ನಾವೇ ಹೊರುತ್ತೇವೆ.

ಆ ಪೆಟ್ಟಿಗೆಯಲ್ಲಿ ಅತಿ ಹೆಚ್ಚು ಇರುವುದು ಲಾ ರೋಶ್ ಪೊಸೆಯ ಆಂಥೇಲಿಯೋಸ್ ಯುವಿಮ್ಯೂನ್ 400 ಇನ್‌ವಿಸಿಬಲ್ ಫ್ಲೂಯಿಡ್. ಸರಕು ಕೆಟ್ಟದ್ದಲ್ಲ; ಅದರಲ್ಲಿರುವ ಮೆಕ್ಸೊರಿಲ್ 400 ಎಂಬ ಫಿಲ್ಟರ್, ಅಂದರೆ ಕಿರಣ ತಡೆಯುವ ಅಂಶ, ಬಹುಪಾಲು ಫಿಲ್ಟರ್‌ಗಳು ಸೋಲುವ 380ರಿಂದ 400 ನ್ಯಾನೊಮೀಟರಿನ ಉದ್ದ ಅಲೆಯ ನೇರಳಾತೀತ ಕಿರಣವನ್ನೂ ತಡೆಯುತ್ತದೆ. ಆದರೆ ಅದು ಅಷ್ಟು ತೆಳುವಾಗಿ, ಅಂಟದಂತೆ ಇರುವುದಕ್ಕೆ ಅದರೊಳಗಿನ ಆಲ್ಕೊಹಾಲೂ ಒಂದು ಕಾರಣ. ಎಣ್ಣೆ ಚರ್ಮದವರಿಗೆ ಅದೇ ಸುಖ. ಒಣಗಿ ಬಿರಿದ ಕೆನ್ನೆಯವರಿಗೆ ಅದೇ ಉರಿ, ಕಣ್ಣಿನ ಹತ್ತಿರ ಹೋದರೆ ನೀರು. ಗೆಳತಿಗೆ ಒಪ್ಪಿದ್ದು ತನಗೂ ಒಪ್ಪುತ್ತದೆಂದು ಕೊಂಡವರು ಮೂರನೇ ದಿನ ಸಿಟ್ಟಿನಿಂದ ಬರುತ್ತಾರೆ. ಅವರ ಸಿಟ್ಟು ನ್ಯಾಯವೇ, ಆದರೆ ತಪ್ಪು ಟ್ಯೂಬಿನದಲ್ಲ. ಕೇಳದೆ ಕೊಟ್ಟ ತಪ್ಪು ನಮ್ಮದೂ ಹೌದೆಂದು ಒಪ್ಪಿಕೊಳ್ಳುತ್ತೇವೆ.

ಇನ್ನು, ವಾರಕ್ಕೊಮ್ಮೆಯಾದರೂ ಕೇಳಿಬರುವ ಮಾತು: "ಪ್ಯಾರಿಸ್ಸಿನಲ್ಲಿ ಇದೇ ಟ್ಯೂಬ್ ಹೆಚ್ಚುಕಡಿಮೆ ಅರ್ಧ ಬೆಲೆಗೆ ಸಿಗುತ್ತದೆ, ನೀವು ಸುಲಿಗೆ ಮಾಡುತ್ತೀರಿ." ಅಲ್ಲಿ ಅಗ್ಗವೆಂಬುದು ನಿಜ. ರೂ ದ್ಯು ಫೂರ್ ಬೀದಿಯ ಸಿಟಿಫಾರ್ಮಾದಂಥ ಅಂಗಡಿಯಲ್ಲಿ ಪ್ರವಾಸಿಗರು ಬುಟ್ಟಿಗಟ್ಟಲೆ ಕೊಳ್ಳುತ್ತಾರೆ. ಅಷ್ಟು ಮಾರಾಟವಿದ್ದರೆ ಒಂದೊಂದರ ಮೇಲೆ ಸ್ವಲ್ಪವೇ ಲಾಭವಿಟ್ಟರೂ ಅಂಗಡಿ ನಡೆಯುತ್ತದೆ. ಅಲ್ಲಿನ ಬೆಲೆಯಲ್ಲಿ ಸೇರಿರುವ ಶೇ. 20ರ ತೆರಿಗೆಯಲ್ಲೂ, ಒಂದೇ ಅಂಗಡಿಯ ಖರೀದಿ 100 ಯೂರೋ ಮೀರಿದರೆ, ಪ್ರವಾಸಿಗೆ ಒಂದು ಪಾಲು ಮರಳಿ ಸಿಗುತ್ತದೆ. ನಮ್ಮ ಸರಕು ಬರುವ ದಾರಿಯೇ ಬೇರೆ. ಸಾಗಣೆ, ವಿಮೆ ಸೇರಿ 100 ರೂಪಾಯಿಯ ಸರಕು ಬಂದರು ಮುಟ್ಟಿತೆಂದುಕೊಳ್ಳಿ. ಅದಕ್ಕೆ ಆಮದಿನ ಮೂಲ ಸುಂಕ ಶೇ. 20, ಅಂದರೆ 20 ರೂಪಾಯಿ. ಆ ಸುಂಕದ ಮೇಲೆ ಸಮಾಜ ಕಲ್ಯಾಣದ ಹೆಸರಿನ ಮೇಲ್ತೆರಿಗೆ 2 ರೂಪಾಯಿ. ಹೀಗೆ 122 ಆದದ್ದರ ಮೇಲೆ ಶೇ. 18ರ ಜಿಎಸ್‌ಟಿ, ಸುಮಾರು 22 ರೂಪಾಯಿ. ಆಮದುದಾರರ ಗೋದಾಮು ಸೇರುವ ಮೊದಲೇ 100 ಇದ್ದದ್ದು 144 ಆಯಿತು. ಜಿಎಸ್‌ಟಿಯನ್ನು ಮುಂದಿನ ಮಾರಾಟದಲ್ಲಿ ಹೊಂದಿಸಿಕೊಳ್ಳಬಹುದೆಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಹೌದು, ಆದರೆ ಕೊನೆಯ ಬಿಲ್ಲಿನಲ್ಲಿ ಅದು ಇದ್ದೇ ಇರುತ್ತದೆ, ಮತ್ತು ಆ ಸಾಲನ್ನು ಬೆರಳಿಟ್ಟು ತೋರಿಸಿ ಬೈಸಿಕೊಳ್ಳುವವರು ನಾವು. ಆಮದು ಮಾಡಿದ ಪ್ರಸಾಧನವನ್ನು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಬೇಕು, ಡಬ್ಬದ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಅಂಟಿಸಬೇಕು. ಆ ಖರ್ಚು ಬೇರೆ. ಸೂಟ್‌ಕೇಸಿನಲ್ಲಿ ಬಂದದ್ದನ್ನು ಚೀಟಿಯಿಲ್ಲದೆ ಅಗ್ಗಕ್ಕೆ ಮಾರುವವರ ಜೊತೆ ನಮ್ಮನ್ನು ಹೋಲಿಸಿದಾಗ ನೋವಾಗುತ್ತದೆ. ಇಷ್ಟೆಲ್ಲ ತೆತ್ತು ತಂದ ಟ್ಯೂಬ್ ಎರಡು ಸಲ ಹಿಂಡಿಸಿಕೊಂಡು ವಾಪಸು ಬಂದರೆ, ಕಟ್ಟಿದ ಸುಂಕವನ್ನು ಯಾರೂ ಮರಳಿ ಕೊಡುವುದಿಲ್ಲ.

ಆದ್ದರಿಂದ ಆ ನಾಲ್ಕು ಪ್ರಶ್ನೆಗಳು: ಮುಖ ತೊಳೆದು ಏನೂ ಹಚ್ಚದೆ ಒಂದು ಗಂಟೆ ಬಿಟ್ಟರೆ ಬಿಗಿಯುತ್ತದೆಯೋ, ಹೊಳೆಯುತ್ತದೆಯೋ? ಮೊಡವೆ ಇದೆಯೇ? ಯಾವ ಕ್ರೀಮಿಗಾದರೂ ಕೆಂಪಾಗಿ ಉರಿದದ್ದುಂಟೇ? ಬಂಗು ಇದೆಯೇ? ಹೊಳೆಯುವ, ಮೊಡವೆಯ ಚರ್ಮಕ್ಕೆ ಬಯೋಡರ್ಮಾದ ಫೋಟೋಡರ್ಮ್ ಎಕೆಎನ್ ಮ್ಯಾಟ್ ಅಥವಾ ಆವೆನ್‌ನ ಕ್ಲೀನೆನ್ಸ್ ತೋರಿಸುತ್ತೇವೆ. ಬಿಗಿಯುವ ಚರ್ಮಕ್ಕೆ ಆವೆನ್‌ನ 50+ ಕ್ರೀಮ್ ಸರಿ. ಅದೇ ಕ್ರೀಮನ್ನು ಮಂಗಳೂರಿನ ಸೆಕೆಯಲ್ಲಿ ಹಚ್ಚಿದರೆ ಹತ್ತು ಗಂಟೆಗೇ ಬೆವರಿನೊಡನೆ ಇಳಿಯುತ್ತದೆಂದು ಅಲ್ಲಿನ ಗ್ರಾಹಕರೇ ಹೇಳಿದ್ದಾರೆ. ಆದ್ದರಿಂದ ಊರನ್ನೂ ಕೇಳುತ್ತೇವೆ. ಇದನ್ನು ಐದನೇ ಪ್ರಶ್ನೆ ಎಂದುಕೊಳ್ಳಿ. ಎಲ್ಲದಕ್ಕೂ ಉರಿಯುವ ಚರ್ಮಕ್ಕೆ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಮಾತ್ರ ಇರುವ ಖನಿಜ ಕ್ರೀಮ್ ಒಳ್ಳೆಯದು, ಆದರೆ ನಮ್ಮ ಮೈಬಣ್ಣದ ಮೇಲೆ ಅದು ಬೂದಿ ಬಳಿದಂತೆ ಕಾಣುತ್ತದೆ, ಮುಚ್ಚಿಟ್ಟು ಮಾರುವುದಿಲ್ಲ.

ಬಂಗು ಇರುವವರಿಗೆ ಒಂದು ಮಾತು ಹೆಚ್ಚು ಹೇಳಬೇಕು. ಕಂದು ಚರ್ಮದಲ್ಲಿ ಬಂಗು ಕಪ್ಪಾಗಲು ನೇರಳಾತೀತ ಕಿರಣದ ಜೊತೆ ಕಣ್ಣಿಗೆ ಕಾಣುವ ಬೆಳಕೂ ಕಾರಣ, ಮತ್ತು ಆ ಬೆಳಕನ್ನು ತಡೆಯಲು ಐರನ್ ಆಕ್ಸೈಡ್ ಸೇರಿಸಿದ ಬಣ್ಣದ ಸನ್‌ಸ್ಕ್ರೀನೇ ಬೇಕು. ಫ್ರೆಂಚರು ಆ ಬಣ್ಣವನ್ನು ಹೆಚ್ಚಾಗಿ ತಮ್ಮ ಚರ್ಮಕ್ಕೆ ಹೊಂದುವಂತೆ ಮಾಡುತ್ತಾರಾದ್ದರಿಂದ ಹಚ್ಚಿ ನೋಡದೆ ಕೊಳ್ಳಬೇಡಿ. ಹೊಂದದಿದ್ದರೆ, ಐರನ್ ಆಕ್ಸೈಡ್ ಇರುವ ಭಾರತದ ಟ್ಯೂಬನ್ನೇ ತೋರಿಸುತ್ತೇವೆ. ನಮಗೆ ಅದರಲ್ಲಿ ಲಾಭ ಕಡಿಮೆ, ಇರಲಿ.

ಟ್ಯೂಬಿನ ಮೇಲಿನ 50+ ಎಂಬ ಎಸ್‌ಪಿಎಫ್ (ಚರ್ಮ ಬಿಸಿಲಿಗೆ ಸುಡದಂತೆ ಕೊಡುವ ರಕ್ಷಣೆಯ ಅಳತೆ) ಬಗ್ಗೆ ಚಿಂತೆ ಬೇಡ. ಯುರೋಪಿನಲ್ಲಿ ಪರೀಕ್ಷೆಯಲ್ಲಿ 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಹಾಗೆ ಬರೆಯುತ್ತಾರೆ, ಮತ್ತು ವೃತ್ತದೊಳಗೆ ಯುವಿಎ (ಉದ್ದ ಅಲೆಯ ನೇರಳಾತೀತ ಕಿರಣ) ಎಂದಿದ್ದರೆ ಆ ಕಿರಣದಿಂದ ಸಿಗುವ ರಕ್ಷಣೆ ಎಸ್‌ಪಿಎಫ್‌ನ ಮೂರನೇ ಒಂದು ಪಾಲಾದರೂ ಇದೆ ಎಂದರ್ಥ. ಆದರೆ ಆ ಪರೀಕ್ಷೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಮಾಡಿದ್ದು. ಎರಡು ಬೆರಳಿನುದ್ದ ಹಿಂಡಿದರೆ ಮುಖಕ್ಕೂ ಕತ್ತಿಗೂ ಅಷ್ಟಾಗುತ್ತದೆ. ಬೆಲೆ ಜಾಸ್ತಿಯೆಂದು ಕಡಲೆಯಷ್ಟು ಹಚ್ಚಿದರೆ ದುಬಾರಿ ಟ್ಯೂಬ್ ಕೊಂಡೂ ಕೊಳ್ಳದಂತೆಯೇ. ಅಷ್ಟೊಂದು ಹಚ್ಚಲು ಮನಸ್ಸಾಗದಿದ್ದರೆ ಅಗ್ಗದ್ದನ್ನೇ ಕೊಳ್ಳಿ ಎಂದು ನಾವೇ ಹೇಳುತ್ತೇವೆ. ಈ ಫ್ರೆಂಚ್ ಕಂಪನಿಗಳು ತಮ್ಮ ಕ್ರೀಮಿನ ಬಗ್ಗೆ ಹೇಳುವ ಬುಗ್ಗೆಯ ನೀರಿನ ಕಥೆ ಚೆಂದವೇ, ಆದರೆ ಬಿಸಿಲು ತಡೆಯುವುದು ಆ ನೀರಲ್ಲ.

ಈ ತಿಂಗಳ ಕೊನೆಯ ದಿನದವರೆಗಿನ ಬಿಲ್‌ಗಳಿಗೆ ಹಳೆಯ ಮಾತೇ ನಡೆಯುತ್ತದೆ. ಬಿಲ್ ಕಳೆದಿದ್ದರೆ ನಮ್ಮ ಪುಸ್ತಕದಲ್ಲಿ ಹುಡುಕಿಕೊಡುತ್ತೇವೆ. ಹಚ್ಚಿ ನೋಡಲು ಬರುವವರು ದಯವಿಟ್ಟು ಬೆಳಗ್ಗೆ, ಮುಖಕ್ಕೆ ಬೇರೇನೂ ಹಚ್ಚದೆ ಬನ್ನಿ. ಹದಿನೈದು ನಿಮಿಷ ಕೂರಲು ಕಿಟಕಿಯ ಬಳಿ ಎರಡು ಕುರ್ಚಿ ಹಾಕಿಸಿದ್ದೇವೆ, ಬಣ್ಣ ಹೊಂದುತ್ತದೆಯೇ ಎಂದು ಬಿಸಿಲಿನಲ್ಲೇ ನೋಡಿಕೊಳ್ಳಬಹುದು.

ಇಂತಿ ನಿಮ್ಮ ವಿಶ್ವಾಸಿ,
ಅಂಗಡಿಯ ಪರವಾಗಿ